ಕಾಶ್ಮೀರಪುರವಾಸಿನಿಯ ವಿಳಾಸ

ನಮ್ಮಲ್ಲಿ ಮಕ್ಕಳಿಗೆ ಹೇಳಿಕೊಡುವ ಮೊದಮೊದಲ ಶ್ಲೋಕಗಳಲ್ಲಿ ಶಾರದೆಯದ್ದೂ ಒಂದು. ಸಂಜೆ ದೀಪ ಹಚ್ಚಿದ ಮೇಲೆ ಕೈಮುಗಿದು ಕೂತು ಒಂದೇ ಉಸಿರಿಗೆ ಹೇಳಿ ಮುಗಿಸುವಂಥದ್ದು. ಅದರಲ್ಲಿ ದೇವಿಯನ್ನು 'ಕಾಶ್ಮೀರಪುರವಾಸಿನಿ' ಅಂತ ಕರೆಯುತ್ತೇವೆ. ತೀರ್ಥಹಳ್ಳಿಯ ಹುಡುಗನೂ ಹಾಗೇ ಕರೀತಾನೆ, ಮಂಡ್ಯದ ಹುಡುಗಿಯೂ ಹಾಗೇ ಕರೀತಾಳೆ. ಆದರೆ ಶಾರದೆ ಎಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ಶೃಂಗೇರಿ. ತುಂಗೆಯ ದಡ, ನೀರಿನ ತುಂಬಾ ಮೀನು, ಎದುರಿಗೆ ವಿದ್ಯಾಶಂಕರ ದೇವಸ್ಥಾನ, ಒಳಗೆ ಚಿನ್ನದ ಅಮ್ಮನವರು. ಮನೆ ಇಲ್ಲಿ, ವಿಳಾಸ ಮಾತ್ರ ಕಾಶ್ಮೀರದ್ದು! ಇದು ಹೇಗೆ ಅಂತ ನಾವು ಕೇಳಿದ್ದು ಕಡಿಮೆ.

ಆ ವಿಳಾಸದಲ್ಲಿ ನಿಜವಾಗಿಯೂ ಒಂದು ಗುಡಿ ಇದೆ. ಈಗಿನ ಪಾಕ್ ಆಕ್ರಮಿತ ಕಾಶ್ಮೀರದ ನೀಲಂ ಕಣಿವೆಯಲ್ಲಿ ಶಾರದಾ ಅಂತಲೇ ಕರೆಸಿಕೊಳ್ಳುವ ಊರು. ನಮ್ಮ ಕಡೆಯಿಂದ ಹರಿದುಹೋಗುವ ಕಿಶನ್‌ಗಂಗಾ ನದಿಗೆ ಅಲ್ಲಿ ನೀಲಂ ಎಂದು ಹೆಸರು. ಅದಕ್ಕೆ ಮಧುಮತಿ ಎಂಬ ಹೊಳೆ ಬಂದು ಸೇರುವ ಜಾಗದ ಮೇಲಿನ ದಿಬ್ಬದಲ್ಲಿ ಗುಡಿ ನಿಂತಿದೆ. ನಿಂತಿದೆ ಅನ್ನುವುದಕ್ಕಿಂತ ಉಳಿದಿದೆ ಅನ್ನಬೇಕು. ಹತ್ತೋಕೆ 63 ಕಲ್ಲಿನ ಮೆಟ್ಟಿಲು. ಸುತ್ತ ಸುಮಾರು 142 ಅಡಿ ಉದ್ದ, 94 ಅಡಿ ಅಗಲದ ಪ್ರಾಕಾರ. ನಡುವೆ ಚೌಕಾಕಾರದ ಗರ್ಭಗುಡಿ, ಕಾಶ್ಮೀರಿ ಶೈಲಿಯ ಮೂರೆಲೆ ಆಕಾರದ ಕಮಾನುಗಳು. ಮೇಲೆ ಮಾಡಿಲ್ಲ, ಒಳಗೆ ವಿಗ್ರಹ ಇಲ್ಲ, ಪೂಜೆ ಇಲ್ಲ. ಗಡಿ ನಿಯಂತ್ರಣ ರೇಖೆ ಅಲ್ಲಿಂದ ಬಹಳ ದೂರವೇನಲ್ಲ. ಆದರೂ ನಮಗೆ ನಿಮಗೆ ಸುಲಭವಾಗಿ ಹೋಗಿಬರಲು ಆಗುವ ಜಾಗವಲ್ಲ.

ಈ ಅಳತೆಗಳನ್ನೆಲ್ಲ ಕೊಟ್ಟವನು ಔರೆಲ್ ಸ್ಟೀನ್. ಹಂಗೇರಿಯಲ್ಲಿ ಹುಟ್ಟಿ, ಲಾಹೋರಿನಲ್ಲಿ ಕೆಲಸಕ್ಕಿದ್ದ ಸಂಸ್ಕೃತ ವಿದ್ವಾಂಸ. ಕಲ್ಹಣನ 'ರಾಜತರಂಗಿಣಿ'ಯನ್ನು ಇಂಗ್ಲಿಷಿಗೆ ತರುತ್ತಿದ್ದಾಗ, ಅದರಲ್ಲಿ ಬರುವ ಪ್ರತಿ ಊರು, ಹೊಳೆ, ಕೋಟೆ ಎಲ್ಲಿದೆ ಅಂತ ಕಾಲಿನಿಂದಲೇ ಹುಡುಕಿಕೊಂಡು ಹೊರಟ ಮನುಷ್ಯ. 1892ರ ಸೆಪ್ಟೆಂಬರಿನಲ್ಲಿ ಈ ಗುಡಿಗೆ ಬಂದ. ಅಷ್ಟು ಹೊತ್ತಿಗೆ ಕಾಶ್ಮೀರ ಕಣಿವೆಯಲ್ಲೇ ಅಲ್ಲಿಗೆ ಹೋಗಿಬಂದವರು ತೀರಾ ವಿರಳವಾಗಿದ್ದರು. ಹಾಗಾದ್ರೆ ದಾರಿ ತೋರಿಸಿದ್ದು ಯಾರು? ಒಂದು ಸ್ಥಳಪುರಾಣ!

'ಶಾರದಾಮಾಹಾತ್ಮ್ಯ' ಎಂಬ ಆ ಪುರಾಣದಲ್ಲಿ ಶಾಂಡಿಲ್ಯ ಎಂಬ ಮುನಿ ದೇವಿಯ ದರ್ಶನಕ್ಕೆ ಹೊರಡುತ್ತಾನೆ. ಘೋಷ ಎಂಬಲ್ಲಿಂದ ಹಯಶೀರ್ಷದ ಆಶ್ರಮಕ್ಕೆ, ಅಲ್ಲಿಂದ ಕೃಷ್ಣನಾಗ ಎಂಬ ಚಿಲುಮೆಗೆ. ಅಲ್ಲಿ ಮಿಂದಾಗ ಅವನ ಅರ್ಧ ದೇಹ ಚಿನ್ನವಾಗುತ್ತದೆ, ಆ ಜಾಗಕ್ಕೆ ಸುವರ್ಣಾರ್ಧಾಂಗಕ ಎಂದು ಹೆಸರಾಗುತ್ತದೆ. ಹೀಗೆ ಕತೆ ಸಾಗುತ್ತೆ. ನಮ್ಮೂರುಗಳ ಸ್ಥಳಪುರಾಣ ಕೇಳಿದವರಿಗೆ ಈ ಧಾಟಿ ಗೊತ್ತೇ ಇರುತ್ತೆ. ಓದಿದವರು ಸಾಮಾನ್ಯವಾಗಿ ಚಿನ್ನದ ಮೈ ನೋಡಿ ನಕ್ಕು ಪುಸ್ತಕ ಮುಚ್ಚುತ್ತಾರೆ, ಇಲ್ಲಾ ಕೈಮುಗಿದು ಮುಚ್ಚುತ್ತಾರೆ. ಸ್ಟೀನ್ ಎರಡೂ ಮಾಡಲಿಲ್ಲ. ಘೋಷ ಅಂದರೆ ಈಗಿನ ಗುಶ್, ಹಯಶೀರ್ಷಾಶ್ರಮ ಅಂದರೆ ಹಯಹೋಮ್, ಸುವರ್ಣಾರ್ಧಾಂಗಕ ಅಂದರೆ ಸುನ್-ದ್ರಂಗ್ ಎಂದು ಒಂದೊಂದೇ ಹೆಸರನ್ನು ಊರಿಗೆ ಹೊಂದಿಸಿಕೊಂಡು ಹೋದ. ಕತೆಯ ಕೊನೆಯಲ್ಲಿ ದೇವಿ ಸಿಗುವ ಕಡೆ ಸ್ಟೀನ್‌ಗೆ ಗುಡಿ ಸಿಕ್ಕಿತು. ಇನ್ನೊಂದು ಸಾಕ್ಷಿ ಕಲ್ಹಣನೇ ಕೊಟ್ಟಿದ್ದ. 12ನೇ ಶತಮಾನದಲ್ಲಿ ಶಿರಃಶಿಲಾ ಎಂಬ ಕೋಟೆಗೆ ಹಾಕಿದ ಮುತ್ತಿಗೆಯನ್ನು ವರ್ಣಿಸುವಾಗ ಅದು ಶಾರದೆಯ ಗುಡಿಗೆ ಹತ್ತಿರ ಎಂದು ಹೇಳುತ್ತಾನೆ. ಆ ಕೋಟೆಯ ದಿಬ್ಬವೂ ಅಲ್ಲೇ ಸಿಕ್ಕಿತು.

ಗುಡಿಯ ಒಳಗೆ ಸ್ಟೀನ್ ಕಂಡದ್ದು ಒಂದು ದೊಡ್ಡ ಒರಟು ಚಪ್ಪಡಿ ಮಾತ್ರ. ಆರೇಳು ಅಡಿ ಉದ್ದಗಲ, ಅರ್ಧ ಅಡಿ ದಪ್ಪ. ಶಾಂಡಿಲ್ಯನಿಗೆ ಶಾರದೆ ಕಾಣಿಸಿಕೊಂಡ ಕುಂಡವನ್ನು ಅದು ಮುಚ್ಚಿದೆ ಎಂಬುದು ನಂಬಿಕೆ.

ಹಾಗಾದ್ರೆ ಒಂದು ಕಾಲದಲ್ಲಿ ಇಲ್ಲಿ ಏನಿತ್ತು? ಇಲ್ಲಿ ಸ್ವಲ್ಪ ಹುಷಾರಾಗಿ ಹೆಜ್ಜೆ ಇಡಬೇಕು. ಮೊಬೈಲಿನಲ್ಲಿ ಓಡಾಡುವ ಫಾರ್ವರ್ಡುಗಳಲ್ಲಿ ಶಾರದಾಪೀಠ ಅಂದರೆ ಸಾವಿರಾರು ವಿದ್ಯಾರ್ಥಿಗಳಿದ್ದ ವಿಶ್ವವಿದ್ಯಾಲಯ, ಒಂದು ದಿನ ಯಾರೋ ಬಂದರು, ಸುಟ್ಟರು, ಮುಗೀತು. ಕೇಳೋಕೆ ಚೆನ್ನಾಗಿದೆ. ಆದರೆ ಹಳಬರು ಬರೆದಿಟ್ಟದ್ದನ್ನು ಓದಿದರೆ ಬೇರೆಯೇ ಚಿತ್ರ ಸಿಗುತ್ತೆ, ಮತ್ತು ಅದು ಈ ಕತೆಗಿಂತ ಸೊಗಸಾಗಿದೆ.

ಮೊದಲು ಅಲ್ಬೆರೂನಿ. 11ನೇ ಶತಮಾನದಲ್ಲಿ ಭಾರತದ ಬಗ್ಗೆ ಅರಬ್ಬಿಯಲ್ಲಿ ದೊಡ್ಡ ಗ್ರಂಥ ಬರೆದವನು. ಮುಲ್ತಾನಿನ ಸೂರ್ಯ, ಸ್ಥಾನೇಶ್ವರದ ಚಕ್ರಸ್ವಾಮಿ, ಸೋಮನಾಥದ ಲಿಂಗ ಇವುಗಳ ಸಾಲಿನಲ್ಲೇ ಕಾಶ್ಮೀರದ ಶಾರದೆಯನ್ನೂ ಹೇಳುತ್ತಾನೆ. ರಾಜಧಾನಿಯಿಂದ ಎರಡು ಮೂರು ದಿನದ ದಾರಿ, ಮರದ ವಿಗ್ರಹ, ಯಾತ್ರಿಕರು ತುಂಬಾ ಜನ ಬರುತ್ತಾರೆ ಎನ್ನುತ್ತಾನೆ. ಮರದ ವಿಗ್ರಹ ಎಂಬುದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಆಮೇಲೆ ಕಲ್ಹಣ. 8ನೇ ಶತಮಾನದ ರಾಜ ಲಲಿತಾದಿತ್ಯನ ಕತೆಯಲ್ಲಿ ಅವನು ಒಂದು ಪ್ರಸಂಗ ಹೇಳುತ್ತಾನೆ. ಲಲಿತಾದಿತ್ಯ ಗೌಡದೇಶದ, ಅಂದರೆ ಬಂಗಾಳದ ರಾಜನಿಗೆ ಪರಿಹಾಸಕೇಶವ ದೇವರ ಸಾಕ್ಷಿಯಾಗಿ ಅಭಯ ಕೊಟ್ಟು, ಆಮೇಲೆ ಕೊಲ್ಲಿಸಿಬಿಟ್ಟ. ಸತ್ತ ರಾಜನ ಆಳುಗಳು ಸೇಡು ತೀರಿಸಿಕೊಳ್ಳಲು ಬಂಗಾಳದಿಂದ ಕಾಶ್ಮೀರಕ್ಕೆ ನಡೆದು ಬಂದರು. ಸಾಕ್ಷಿ ನಿಂತ ದೇವರನ್ನೇ ಒಡೆಯಬೇಕು ಅಂತ ಹೋಗಿ, ಗುರುತು ತಪ್ಪಿ ಪಕ್ಕದ ರಾಮಸ್ವಾಮಿಯ ಬೆಳ್ಳಿಯ ವಿಗ್ರಹ ಒಡೆದರು. ಒಬ್ಬೊಬ್ಬರಾಗಿ ಸೈನಿಕರ ಕತ್ತಿಗೆ ಬಲಿಯಾದರು. ಕಾಶ್ಮೀರದ ಇತಿಹಾಸ ಬರೆಯುತ್ತಿದ್ದ ಕಲ್ಹಣ ಆ ಪರದೇಶದ ಆಳುಗಳ ಸ್ವಾಮಿನಿಷ್ಠೆಯನ್ನು ಮನಸಾರೆ ಹೊಗಳುತ್ತಾನೆ. ಅದು ಅವನ ದೊಡ್ಡತನ. ನಮಗೆ ಇಲ್ಲಿ ಬೇಕಾದ ಸಣ್ಣ ವಿಷಯ ಬೇರೆ ಇದೆ. ಅವರು ಕಾಶ್ಮೀರದ ಒಳಗೆ ಬಂದದ್ದು ಯಾವ ನೆಪದಲ್ಲಿ ಗೊತ್ತಾ? ಶಾರದೆಯ ದರ್ಶನಕ್ಕೆ ಬಂದಿದ್ದೇವೆ ಅಂತ. ಸುಳ್ಳು ಹೇಳುವವನು ಯಾರೂ ನಂಬದ ಸುಳ್ಳು ಹೇಳಲ್ಲ. ಬಂಗಾಳದಿಂದ ಅಷ್ಟು ದೂರ ಯಾಕಪ್ಪಾ ಬಂದೆ ಅಂದರೆ 'ಶಾರದೆಗೆ' ಅನ್ನುವ ಉತ್ತರ ಸಾಕಾಗುತ್ತಿತ್ತು ಅಂತಾಯ್ತು.

ಮೂರನೆಯದು ಗುಜರಾತಿನದು. 12ನೇ ಶತಮಾನದಲ್ಲಿ ಚಾಲುಕ್ಯ ದೊರೆ ಸಿದ್ಧರಾಜ ಜಯಸಿಂಹ ಜೈನಾಚಾರ್ಯ ಹೇಮಚಂದ್ರನಿಗೆ ಹೊಸ ವ್ಯಾಕರಣ ಬರೆಯಲು ಹೇಳಿದ. ಬರೆಯಬೇಕಾದರೆ ಹಳೆಯ ಎಂಟು ವ್ಯಾಕರಣಗಳು ಬೇಕು, ಅವು ಪೂರ್ತಿಯಾಗಿ ಇರುವುದು ಕಾಶ್ಮೀರದ ಸರಸ್ವತಿಯ ಭಂಡಾರದಲ್ಲಿ ಮಾತ್ರ ಎಂದ ಹೇಮಚಂದ್ರ. ರಾಜ ಅಧಿಕಾರಿಗಳನ್ನು ಕಳಿಸಿದ. ಅವರು ಹೋಗಿ ದೇವಿಯನ್ನು ಸ್ತುತಿಸಿದರು. ದೇವಿ ಪ್ರತ್ಯಕ್ಷಳಾಗಿ ತನ್ನ ಪರಿಚಾರಕರಿಗೆ ಹೇಳಿ ಪುಸ್ತಕಗಳನ್ನು ಕೊಡಿಸಿದಳು. 13ನೇ ಶತಮಾನದ 'ಪ್ರಭಾವಕಚರಿತ' ಹೇಳುವ ಕತೆ ಇದು. ದೇವಿ ಪ್ರತ್ಯಕ್ಷಳಾದದ್ದನ್ನು ನಂಬಿ, ಬಿಡಿ. ಅದರ ಹಿಂದಿನ ಲೋಕವ್ಯವಹಾರ ನೋಡಿ. ಪುಸ್ತಕ ಬೇಕಾದವರು ಸರಸ್ವತಿಯ ಗುಡಿಗೆ ಹೋಗಿ ಕೇಳುತ್ತಾರೆ. ಜೈನ ಆಚಾರ್ಯನಿಗೆ ಬೇಕಾದ ಪುಸ್ತಕವನ್ನು ಆ ಗುಡಿಯವರು ಕೊಡುತ್ತಾರೆ. ಪಾಟಣಕ್ಕೆ ಬಂದ ಪುಸ್ತಕಗಳನ್ನು ಇಟ್ಟುಕೊಂಡು ಹೊಸದೊಂದು ವ್ಯಾಕರಣ ಹುಟ್ಟುತ್ತದೆ. ವಿದ್ಯಾದೇವತೆಯ ಗುಡಿಯಲ್ಲಿ ಸಿಗುವ ಪ್ರಸಾದ ಪುಸ್ತಕ!

ಇನ್ನು ವಿದ್ಯಾರ್ಥಿಗಳ ವಿಷಯ. ಹೊರಗಿನವರು ಓದಲು ಕಾಶ್ಮೀರಕ್ಕೆ ಬರುತ್ತಿದ್ದದ್ದು ಖಂಡಿತ ನಿಜ. ಅದಕ್ಕೆ ಸಾಕ್ಷಿ ಹೇಳುವವನು 11ನೇ ಶತಮಾನದ ಕ್ಷೇಮೇಂದ್ರ, ಅದೂ ಬೈಯುತ್ತಾ! 'ದೇಶೋಪದೇಶ' ಎಂಬ ವಿಡಂಬನೆಯಲ್ಲಿ ಅವನು ಬಂಗಾಳದಿಂದ ಬಂದ ವಿದ್ಯಾರ್ಥಿಯೊಬ್ಬನನ್ನು ಚಿತ್ರಿಸುತ್ತಾನೆ. ಬರುವಾಗ ಎಲುಬಿನ ಹಂದರ. ಮಠದ ಬಿಟ್ಟಿ ಊಟ ತಿಂದು ತಿಂದು ಮೈ ತುಂಬಿಕೊಳ್ಳುತ್ತಾನೆ. ಅಕ್ಷರ ನೆಟ್ಟಗೆ ಬರಲ್ಲ, ಶುರು ಮಾಡುವುದು ಮಾತ್ರ ಭಾಷ್ಯ, ನ್ಯಾಯ, ಮೀಮಾಂಸೆಯಿಂದ. ಇಂಥವರನ್ನು ನಾವೂ ಹಾಸ್ಟೆಲುಗಳಲ್ಲಿ ನೋಡಿಲ್ವಾ? ವಿದ್ಯಾರ್ಥಿಯನ್ನು ಗೇಲಿ ಮಾಡುವಷ್ಟು ಮಟ್ಟಿಗೆ ವಿದ್ಯಾರ್ಥಿಗಳು ಅಲ್ಲಿ ಸಾಮಾನ್ಯವಾಗಿದ್ದರು. ಆದರೆ ಗಮನಿಸಿ, ಅವರು ಇದ್ದದ್ದು ಮಠಗಳಲ್ಲಿ. ಕಲಿತದ್ದು ಗುರುಗಳ ಬಳಿ. ಆನಂದವರ್ಧನ, ಅಭಿನವಗುಪ್ತ, ಮಮ್ಮಟ, ಕೈಯಟ ಇವರೆಲ್ಲ ಒಂದು ಕ್ಯಾಂಪಸ್ಸಿನ ಪ್ರೊಫೆಸರುಗಳಲ್ಲ. ಒಂದು ಇಡೀ ಕಣಿವೆ ಮನೆಮನೆಯಲ್ಲಿ, ಮಠಮಠದಲ್ಲಿ ಓದುತ್ತಿತ್ತು. ಆ ಕಣಿವೆಯ ಅಧಿದೇವತೆ ಶಾರದೆ, ಹಾಗಾಗಿ ನಾಡಿಗೆ ಶಾರದಾದೇಶ ಎಂಬ ಹೆಸರು, ಅಲ್ಲಿನ ಲಿಪಿಗೆ ಶಾರದಾಲಿಪಿ ಎಂಬ ಹೆಸರು. ಹಿಮಾಲಯದ ಮೂಲೆಯ 142 ಅಡಿ ಪ್ರಾಕಾರದ ಗುಡಿಯೊಂದನ್ನು ಎಳೆದು ವಿಶ್ವವಿದ್ಯಾಲಯ ಮಾಡಬೇಕಾದ ಅಗತ್ಯವೇ ಇಲ್ಲ.

ಈ ಶಾರದಾದೇಶದಿಂದ ಕನ್ನಡ ನಾಡಿಗೂ ಒಂದು ದಾರಿ ಇತ್ತು. ಅದರಲ್ಲಿ ನಡೆದು ಬಂದವರಲ್ಲಿ ಅತಿ ಪ್ರಸಿದ್ಧ ಬಿಲ್ಹಣ. ಶ್ರೀನಗರದ ಹತ್ತಿರದ ಖೋನಮುಖ ಎಂಬ ಊರಿನವನು, ಈಗ ಅದು ಖುನ್‌ಮೋಹ್. ಊರು ಬಿಟ್ಟು ಮಥುರೆ, ಕಾಶಿ, ಗುಜರಾತು ಎಲ್ಲ ಸುತ್ತಿ ಕೊನೆಗೆ ನೆಲೆ ನಿಂತದ್ದು ಕಲ್ಯಾಣದಲ್ಲಿ, ಅಂದರೆ ನಮ್ಮ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ. ಆಗ ಅಲ್ಲಿ ಆಳುತ್ತಿದ್ದವನು ಚಾಲುಕ್ಯ ಆರನೇ ವಿಕ್ರಮಾದಿತ್ಯ (1076–1126), ಶಾಸನಗಳ ಪೆರ್ಮಾಡಿದೇವ. ಅವನು ಬಿಲ್ಹಣನಿಗೆ ವಿದ್ಯಾಪತಿ ಎಂಬ ಪದವಿ ಕೊಟ್ಟ. ಆನೆಯ ಮೇಲೆ ಕೊಡೆ ಹಿಡಿಸಿಕೊಂಡು ರಾಜನ ಮುಂದೆ ಹೋಗುವ ಮರ್ಯಾದೆ ಅವನಿಗಿತ್ತು ಅಂತ ಕಲ್ಹಣ ಬರೆಯುತ್ತಾನೆ. ಬಿಲ್ಹಣ ತನ್ನ ದೊರೆಯ ಮೇಲೆ 18 ಸರ್ಗಗಳ 'ವಿಕ್ರಮಾಂಕದೇವಚರಿತ' ಬರೆದ. ಕನ್ನಡ ನಾಡಿನ ರಾಜನ ಕತೆ ಹೇಳಿ ಮುಗಿಸಿ, ಕೊನೆಯ ಸರ್ಗವನ್ನು ತನ್ನ ಊರಿಗೆ, ಹಿಮದ ನಾಡಿಗೆ ಮೀಸಲಿಟ್ಟ. ಕಲ್ಯಾಣದ ಬಿಸಿಲಿನಲ್ಲಿ ಕೂತು ಕೇಸರಿಯ ಹೊಲ ನೆನೆಸಿಕೊಂಡ ಕವಿ!

ದಾರಿ ಒಂದು ಕಡೆಗಷ್ಟೇ ಇರಲಿಲ್ಲ. ಅದೇ ಕಾಲದ ಕಾಶ್ಮೀರದ ರಾಜ ಹರ್ಷನಿಗೆ (1089–1101) ಕರ್ನಾಟದ ಹುಚ್ಚು ಹಿಡಿದಿತ್ತು. ದಕ್ಷಿಣದ ಉಡುಗೆ ತೊಡುಗೆ ಅವನಿಗೆ ಇಷ್ಟ. ಕರ್ನಾಟದ ಮಾದರಿಯಲ್ಲಿ ನಾಣ್ಯ ಹೊಡೆಸಿದ ಎಂದು ಕಲ್ಹಣ ಸ್ಪಷ್ಟವಾಗಿ ಹೇಳುತ್ತಾನೆ. ಆನೆ ಇರುವ ಅವನ ನಾಣ್ಯಗಳು ಸಿಕ್ಕಿವೆ, ನೋಡಿದರೆ ನಮ್ಮ ಗಂಗರ ಗಜಮುದ್ರೆಯ ನಾಣ್ಯ ನೆನಪಾಗುತ್ತೆ. ಅಷ್ಟಕ್ಕೇ ನಿಲ್ಲಲಿಲ್ಲ. ಪೆರ್ಮಾಡಿಯ ರಾಣಿ ಚಂದಲದೇವಿಯ ಚಿತ್ರ ನೋಡಿ ಮನಸೋತು, ಕರ್ನಾಟದ ಮೇಲೆ ದಂಡೆತ್ತಿ ಹೋಗಿ ಆಕೆಯನ್ನು ತರುತ್ತೇನೆ ಎಂದು ಸಭೆಯಲ್ಲಿ ಪ್ರತಿಜ್ಞೆ ಮಾಡಿದನಂತೆ. ಆಸ್ಥಾನದ ಹೊಗಳುಭಟರು ಅದರಲ್ಲೂ ದುಡ್ಡು ಮಾಡಿಕೊಂಡರು. ಬಿಲ್ಹಣ ತನ್ನ ಕಾವ್ಯದಲ್ಲಿ ಚಂದ್ರಲೇಖೆ ಎಂದು ಕರೆದು ಸ್ವಯಂವರ ಮಾಡಿಸಿದ್ದು ಇದೇ ರಾಣಿಗೆ.

ಇನ್ನೂ ಇದ್ದಾರೆ. 'ಸಂಗೀತರತ್ನಾಕರ' ಬರೆದ ಶಾರ್ಙ್ಗದೇವನ ಅಜ್ಜ ಭಾಸ್ಕರ ಕಾಶ್ಮೀರದಿಂದ ದಖನ್ನಿಗೆ ವಲಸೆ ಬಂದವನು. ಮೊಮ್ಮಗ ಸೇವುಣರ ಸಿಂಘಣನ ಆಸ್ಥಾನದಲ್ಲಿ ಕೂತು ಬರೆದ ಗ್ರಂಥ ಇವತ್ತಿಗೂ ಹಿಂದುಸ್ತಾನಿ, ಕರ್ನಾಟಕ ಎರಡೂ ಸಂಗೀತದವರಿಗೆ ಆಧಾರ. ನಮ್ಮ ಕಾಳಾಮುಖ ಮಠಗಳ ಶಾಸನಗಳಲ್ಲಿ ಕಾಶ್ಮೀರ ಪಂಡಿತ ಎಂಬ ಹೆಸರು ಕಾಣಿಸುತ್ತೆ. ಕಾಳಾಮುಖರ ನೆಲೆಯಾಗಿದ್ದ ಗದಗಿನ ತ್ರಿಕೂಟೇಶ್ವರದ ಆವರಣದಲ್ಲಿ ಅದೇ ಚಾಲುಕ್ಯರ ಕಾಲದ ಸರಸ್ವತಿ ಗುಡಿ ಇದೆ. ಕಂಬಗಳ ಕೆತ್ತನೆ ನೋಡೋಕೆ ಎರಡು ಕಣ್ಣು ಸಾಲದು. ಸರಸ್ವತಿಗೆ ಬೇರೆಯೇ ಗುಡಿ ಕಟ್ಟುವುದು ನಮ್ಮಲ್ಲಿ ಅಪರೂಪ. ವಿದ್ಯೆ ಕಲಿಸುತ್ತಿದ್ದ ಜಾಗದಲ್ಲಿ ಅವಳಿಗೊಂದು ಗುಡಿ ಎದ್ದದ್ದು ಆಕಸ್ಮಿಕವಲ್ಲ.

ಮತ್ತೆ ಕಿಶನ್‌ಗಂಗೆಯ ಗುಡಿಗೆ ಬರೋಣ. ಅದು ಹಾಳಾದದ್ದು ಹೇಗೆ? ಒಂದೇ ದಿನದಲ್ಲಿ ಅಲ್ಲ. 1422ರಲ್ಲಿ ಸುಲ್ತಾನ್ ಜೈನ್-ಉಲ್-ಆಬಿದೀನ್ ಅಲ್ಲಿಗೆ ಹೋಗಿದ್ದ. ಕಾಶ್ಮೀರಿಗಳು ಬಡಶಾಹ್, ಅಂದರೆ ದೊಡ್ಡ ದೊರೆ, ಎಂದು ಇವತ್ತಿಗೂ ನೆನೆಯುವ ರಾಜ ಅವನು. ಕಲ್ಹಣನ ನಂತರ 'ರಾಜತರಂಗಿಣಿ'ಯನ್ನು ಮುಂದುವರಿಸಿದ ಜೋನರಾಜ ಅವನ ಯಾತ್ರೆಯನ್ನು ಬರೆದಿದ್ದಾನೆ. ದೇವಿಯ ವಿಗ್ರಹದ ಮುಖದಲ್ಲಿ ಬೆವರು, ಕೈಯಲ್ಲಿ ನಡುಕ ಕಾಣುತ್ತೆ ಎಂಬ ಪ್ರತೀತಿ ಇತ್ತು. ಸುಲ್ತಾನ ಮಧುಮತಿಯ ನೀರು ಕುಡಿದು, ಕನಸಿನಲ್ಲಾದರೂ ದೇವಿ ಬರಲಿ ಅಂತ ಗುಡಿಯ ಅಂಗಳದಲ್ಲೇ ರಾತ್ರಿ ಮಲಗಿದ. ಅವಳು ಬರಲಿಲ್ಲ. ಇದಾಗಿ ನೂರೈವತ್ತು ವರ್ಷದ ಮೇಲೂ ಅಕ್ಬರನ ಮಂತ್ರಿ ಅಬುಲ್ ಫಜಲ್ 'ಐನ್-ಇ-ಅಕ್ಬರಿ'ಯಲ್ಲಿ ಮಧುಮತಿಯ ದಡದ ಕಲ್ಲಿನ ಶಾರದಾ ಗುಡಿಯನ್ನು, ಶುಕ್ಲಪಕ್ಷದ ಅಷ್ಟಮಿಗಳಂದು ಅದು ಅಲುಗಾಡುತ್ತದೆ ಎಂಬ ಜನರ ನಂಬಿಕೆಯನ್ನು ದಾಖಲಿಸುತ್ತಾನೆ. ಅಂದರೆ ಜನ ಹೋಗುತ್ತಲೇ ಇದ್ದರು. ಆಮೇಲೆ ಆ ಕಡೆಯ ಪಾಳೇಗಾರರ ಗಲಾಟೆ, ದಾರಿ ಅಪಾಯವಾಯಿತು. ಯಾರೋ ಗುಡಿಯಲ್ಲಿ ಮದ್ದುಗುಂಡು ತುಂಬಿಟ್ಟಿದ್ದರು, ಅದು ಸಿಡಿದು ಮಾಡು ಹಾರಿಹೋಯಿತು ಎಂದು ಸ್ಥಳೀಯರು ಸ್ಟೀನ್‌ಗೆ ಹೇಳಿದರು. 19ನೇ ಶತಮಾನದಲ್ಲಿ ಡೋಗ್ರಾ ರಾಜ ಗುಲಾಬ್ ಸಿಂಗ್ ದುರಸ್ತಿ ಮಾಡಿಸಿದ. 1947ರಲ್ಲಿ ಗಡಿ ಬಿತ್ತು, ಯಾತ್ರೆ ನಿಂತಿತು. 2005ರ ಅಕ್ಟೋಬರಿನ ಭೂಕಂಪ ಉಳಿದ ಕಲ್ಲುಗಳನ್ನೂ ಸಡಿಲಿಸಿತು. ದಾರಿ ಮುಚ್ಚಿದ್ದು, ಜನ ಬಿಟ್ಟದ್ದು, ಭೂಮಿ ನಡುಗಿದ್ದು ಎಲ್ಲ ಸೇರಿ ಆದ ಹಾಳು ಇದು.

ಆದರೆ ದಾರಿ ಮುಚ್ಚಿದಾಗ ಕಾಶ್ಮೀರದ ಪಂಡಿತರು ಏನು ಮಾಡಿದರು ಅನ್ನೋದು ನನಗೆ ತುಂಬಾ ಹಿಡಿಸಿದ ವಿಷಯ. ಗುಶ್‌ನಲ್ಲಿ, ಶ್ರೀನಗರದ ಹತ್ತಿರದ ಹಾರ್ವನ್ ಕಡೆಯಲ್ಲಿ ಚಿಕ್ಕಚಿಕ್ಕ ಶಾರದಾಕುಂಡಗಳನ್ನು ಮಾಡಿಕೊಂಡರು. ಭಾದ್ರಪದ ಶುಕ್ಲ ಅಷ್ಟಮಿಯ ಯಾತ್ರೆಯನ್ನು ಅಲ್ಲಿಗೇ ಹೋಗಿ ಮುಗಿಸುತ್ತಿದ್ದರು. ಮೂಲಕ್ಕೆ ಹೋಗಲು ಆಗದಿದ್ದರೆ ಪ್ರತಿ ತೆಗೆದುಕೊಂಡರೆ ಆಯಿತು! ಪುಸ್ತಕಕ್ಕೆ ಮಾಡುವುದನ್ನೇ ದೇವರಿಗೂ ಮಾಡಿದರು.

ನಮ್ಮ ಶೃಂಗೇರಿಯನ್ನೂ ನಾನು ನೋಡುವುದು ಹೀಗೆಯೇ. ಶಂಕರರು ಕಾಶ್ಮೀರದ ಶಾರದೆಯ ಗುಡಿಯಲ್ಲಿ, ದಕ್ಷಿಣದವರಿಗಾಗಿ ಎಂದೂ ತೆರೆಯದಿದ್ದ ದಕ್ಷಿಣದ ಬಾಗಿಲು ತೆರೆಸಿ, ಸರ್ವಜ್ಞಪೀಠ ಏರಿದರು ಎಂದು 'ಮಾಧವೀಯ ಶಂಕರವಿಜಯ' ಹೇಳುತ್ತದೆ. ಶೃಂಗೇರಿಯಲ್ಲಿ ಅವರು ಬಂಡೆಯ ಮೇಲೆ ಶ್ರೀಚಕ್ರ ಬರೆದು ಶ್ರೀಗಂಧದ ಮರದ ಶಾರದೆಯನ್ನು ಪ್ರತಿಷ್ಠೆ ಮಾಡಿದರು, ಚಿನ್ನದ ವಿಗ್ರಹ ಬಂದದ್ದು ವಿದ್ಯಾರಣ್ಯರ ಕಾಲಕ್ಕೆ ಎಂಬುದು ಮಠದ ಪರಂಪರೆ. ಅಲ್ಬೆರೂನಿ ಕೇಳಿದ್ದ ಮರದ ವಿಗ್ರಹ, ಇಲ್ಲೂ ಮರದ ವಿಗ್ರಹ. ಸಾಮ್ಯ ನೋಡಿ ಸುಮ್ಮನೆ ಖುಷಿಪಡೋಣ, ಅದರ ಮೇಲೆ ಸಿದ್ಧಾಂತ ಕಟ್ಟೋದು ಬೇಡ.

ಇಲ್ಲಿನ ಶಾರದೆಯೂ ಕಷ್ಟ ಕಂಡವಳೇ. 1791ರಲ್ಲಿ ಮರಾಠ ಸರದಾರ ಪರಶುರಾಮ ಭಾವೂನ ದಂಡಿನ ಪಿಂಡಾರಿಗಳು ಶೃಂಗೇರಿಯ ಮೇಲೆ ಬಿದ್ದರು. ಮಠ ಲೂಟಿಯಾಯಿತು, ಜನ ಸತ್ತರು, ಶಾರದೆಯ ವಿಗ್ರಹ ಪೀಠದಿಂದ ಸ್ಥಳಾಂತರವಾಯಿತು. ಸ್ವಾಮಿಗಳು ಕಾರ್ಕಳಕ್ಕೆ ಹೋಗಬೇಕಾಯಿತು. ಅವರು ಬರೆದದ್ದು ಟೀಪು ಸುಲ್ತಾನನಿಗೆ. ಅವನು ಮರುಪ್ರತಿಷ್ಠೆಗೆ ಹಣ, ಧಾನ್ಯ ಕೊಡುವಂತೆ ಬಿದನೂರಿನ ಅಧಿಕಾರಿಗೆ ಅಪ್ಪಣೆ ಮಾಡಿದ. ಈ ಪತ್ರಗಳು ಕನ್ನಡದಲ್ಲಿವೆ. 1916ರಲ್ಲಿ ಮೈಸೂರಿನ ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ ಅವನ್ನು ಮಠದಲ್ಲಿ ಕಂಡು ಬೆಳಕಿಗೆ ತಂದರು. ಟೀಪುವಿನ ಬಗ್ಗೆ ನಮ್ಮಲ್ಲಿ ಯಾರು ಏನೇ ಜಗಳ ಆಡಲಿ, ಈ ಕಾಗದಗಳನ್ನು ಲೆಕ್ಕಕ್ಕೆ ತೆಗೆದುಕೊಂಡೇ ಆಡಬೇಕು. ಕಾಗದ ಉಳಿದದ್ದರಿಂದ ಆ ಮಾತು ಉಳಿಯಿತು. ಅದೇ 1916ರಲ್ಲೇ ಶೃಂಗೇರಿಯ ಹಳೆಯ ಮರದ, ಹೆಂಚಿನ ಗುಡಿಯ ಬದಲು ಈಗ ನಾವು ಕಾಣುವ ಕಲ್ಲಿನ ಗುಡಿಗೆ ಕುಂಭಾಭಿಷೇಕ ಆದದ್ದು.

ಇನ್ನು ತೀರಾ ಇತ್ತೀಚಿನ ಸುದ್ದಿ. ಗಡಿ ನಿಯಂತ್ರಣ ರೇಖೆಯ ಈ ಕಡೆ, ಕುಪ್ವಾರಾ ಜಿಲ್ಲೆಯ ತೀತ್ವಾಲ್‌ನಲ್ಲಿ, ಕಿಶನ್‌ಗಂಗೆಯ ದಡದಲ್ಲೇ ಹೊಸದೊಂದು ಶಾರದಾ ಗುಡಿ ಎದ್ದಿದೆ. ಹಳೆಯ ಯಾತ್ರೆಯ ಕಾಲದ ಧರ್ಮಶಾಲೆ, ಗುರುದ್ವಾರ ಅಲ್ಲಿದ್ದವು, 1947ರ ದಾಳಿಯಲ್ಲಿ ಸುಟ್ಟುಹೋಗಿದ್ದವು. ಅಲ್ಲಿಗೆ ಪಂಚಲೋಹದ ವಿಗ್ರಹ ಹೋದದ್ದು ಎಲ್ಲಿಂದ? ಶೃಂಗೇರಿಯಿಂದ. 2023ರ ಜನವರಿಯಲ್ಲಿ ಹೊರಟ ಶಾರದೆ ಮಾರ್ಚ್ 22ಕ್ಕೆ, ನಮಗೆ ಯುಗಾದಿ, ಕಾಶ್ಮೀರದ ಪಂಡಿತರಿಗೆ ನವ್ರೇಹ್ ಆದ ದಿನ, ಆ ಗುಡಿ ಸೇರಿದಳು. ಅಲ್ಲಿಂದ ಪಡೆದ ಪ್ರತಿಯನ್ನು ಜೋಪಾನ ಮಾಡಿ, ಮೂಲ ಕಳೆದುಕೊಂಡವರಿಗೆ ಮತ್ತೊಂದು ಪ್ರತಿ ಮಾಡಿ ಕಳಿಸಿದಂತಾಯಿತು.

ಇಷ್ಟಕ್ಕೆ ಸಮಾಧಾನಪಟ್ಟುಕೊಂಡು ಮುಗಿಸಬಹುದಿತ್ತು. ಆದರೆ ಗುಡಿಗಿಂತ ಹೆಚ್ಚು ಅಪಾಯದಲ್ಲಿರುವುದು ಇನ್ನೊಂದಿದೆ, ಅವಳ ಹೆಸರಿನ ಲಿಪಿ. ಭೂರ್ಜಪತ್ರದ ಮೇಲೆ, ಆಮೇಲೆ ಕಾಗದದ ಮೇಲೆ, ಸಾವಿರ ವರ್ಷಕ್ಕೂ ಹೆಚ್ಚು ಕಾಲ ಕಾಶ್ಮೀರ ಬರೆದದ್ದು ಶಾರದಾಲಿಪಿಯಲ್ಲಿ. ಪಂಜಾಬಿಯ ಗುರುಮುಖಿ ಅದರದೇ ಕುಡಿ. 1881ರಲ್ಲಿ ಪೇಶಾವರದ ಹತ್ತಿರ ನೆಲದಲ್ಲಿ ಸಿಕ್ಕ, ಸೊನ್ನೆಗೆ ಚುಕ್ಕಿ ಇಟ್ಟು ಲೆಕ್ಕ ಮಾಡಿದ ಪ್ರಸಿದ್ಧ ಬಖ್ಶಾಲಿ ಹಸ್ತಪ್ರತಿ ಇದೇ ಲಿಪಿಯ ಹಳೆಯ ರೂಪದಲ್ಲಿದೆ. ಅಥರ್ವವೇದದ ಪೈಪ್ಪಲಾದ ಶಾಖೆಯ ಕಾಶ್ಮೀರಿ ಪ್ರತಿ ಶಾರದಾಲಿಪಿಯದ್ದು. 'ರಾಜತರಂಗಿಣಿ' ನಮಗೆ ಸಿಕ್ಕಿದ್ದೂ ಹೀಗೇ. ಅದರ ಮೂಲಾಧಾರವಾದ 17ನೇ ಶತಮಾನದ ಶಾರದಾ ಪ್ರತಿ ಒಂದು ಪಂಡಿತ ಮನೆತನದಲ್ಲಿತ್ತು. ಯಜಮಾನ ತೀರಿಕೊಂಡ ಮೇಲೆ ಮೂವರು ಪಾಲುದಾರರು ಹೊಲ ಹಂಚಿಕೊಂಡ ಹಾಗೆ ಪುಸ್ತಕವನ್ನೂ ಮೂರು ಪಾಲು ಮಾಡಿಕೊಂಡಿದ್ದರು! 1889ರಲ್ಲಿ ಸ್ಟೀನ್ ಮೂರನ್ನೂ ಹೇಗೋ ಒಟ್ಟಿಗೆ ತರಿಸಿಕೊಂಡ. ಇನ್ನು ಬಿಲ್ಹಣನ 'ವಿಕ್ರಮಾಂಕದೇವಚರಿತ'? ಅದನ್ನು ಬರೆಸಿದ ಕಲ್ಯಾಣದಲ್ಲಿ ಸಿಗಲಿಲ್ಲ. 1874ರಲ್ಲಿ ಜರ್ಮನ್ ವಿದ್ವಾಂಸ ಬ್ಯೂಲರ್‌ಗೆ ಸಿಕ್ಕಿದ್ದು ಜೈಸಲ್ಮೇರಿನ ಜೈನ ಭಂಡಾರದಲ್ಲಿ, ತಾಳೆಗರಿಯಲ್ಲಿ. ನಮ್ಮ ಪೆರ್ಮಾಡಿಯ ಕತೆಯನ್ನು ಕಾಶ್ಮೀರದವನು ಬರೆದ, ರಾಜಸ್ಥಾನದವರು ಕಾಪಾಡಿದರು. ಯಾರೋ ಒಬ್ಬ ಜೈನ ಲಿಪಿಕಾರ, ತನ್ನ ರಾಜನೂ ಅಲ್ಲದ, ತನ್ನ ಮತದವನೂ ಅಲ್ಲದ ದೊರೆಯ ಕಾವ್ಯವನ್ನು ಬೆನ್ನು ಬಗ್ಗಿಸಿ ನಕಲು ಮಾಡಿದ್ದರಿಂದ ಅದು ನಮಗೆ ಉಳಿಯಿತು.

ಈಗ ಕಾಶ್ಮೀರಿ ಭಾಷೆಯನ್ನು ಬರೆಯುವುದು ಅರಬ್ಬಿ-ಪಾರಸಿ ಮೂಲದ ಲಿಪಿಯಲ್ಲಿ. ಪಂಡಿತರಲ್ಲಿ ನಾಗರಿ. ಶಾರದೆಯ ಅಕ್ಷರ ಬಲ್ಲವರು ಕೆಲವೇ ಜನ. ಕಂಪ್ಯೂಟರಿನ ಯೂನಿಕೋಡಿಗೆ ಅದು 2012ರಲ್ಲಿ ಸೇರಿತು, ಒಳ್ಳೇದಾಯ್ತು. ಆದರೆ ಅಕ್ಷರಕ್ಕೆ ಯಂತ್ರದಲ್ಲಿ ಜಾಗ ಸಿಕ್ಕರೆ ಸಾಲದು, ಓದುವ ಕಣ್ಣು ಬೇಕು. ಪುಣೆ, ಆಕ್ಸ್‌ಫರ್ಡ್, ಟ್ಯೂಬಿಂಗೆನ್‌ಗಳ ಕಪಾಟುಗಳಲ್ಲಿ ಶಾರದಾಲಿಪಿಯ ಕಟ್ಟುಗಳು ಕೂತಿವೆ.

ಅಯ್ಯೋ ಪಾಪ ಕಾಶ್ಮೀರ, ಅನ್ನುವ ಮೊದಲು ನಮ್ಮ ಅಟ್ಟವನ್ನೂ ಒಮ್ಮೆ ನೋಡಬೇಕು. ಮಲೆನಾಡು, ಕರಾವಳಿಯ ಎಷ್ಟು ಮನೆಗಳಲ್ಲಿ, ಮಠಗಳಲ್ಲಿ ತಿಗಳಾರಿ ಲಿಪಿಯ ತಾಳೆಗರಿ ಕಟ್ಟುಗಳಿಲ್ಲ? ನಂದಿನಾಗರಿಯವು? ನವರಾತ್ರಿಯ ಸರಸ್ವತಿ ಪೂಜೆಯ ದಿನ ಅವನ್ನು ಇಳಿಸಿ, ಧೂಳು ಒರೆಸಿ, ಅರಿಸಿನ ಕುಂಕುಮ ಹಚ್ಚಿ, ಹೂ ಇಟ್ಟು, ಮರುದಿನ ಮತ್ತೆ ಅಟ್ಟಕ್ಕೆ ಏರಿಸುತ್ತೇವೆ. ಒಳಗೆ ಏನು ಬರೆದಿದೆ ಅಂತ ಮನೆಯಲ್ಲಿ ಯಾರಿಗೂ ಗೊತ್ತಿರಲ್ಲ. ಕುಂಕುಮದ ಎಣ್ಣೆಜಿಡ್ಡಿಗೆ ಗರಿ ಗರಿ ಅಂಟಿಕೊಂಡಿರುತ್ತೆ. ನಂದಿನಾಗರಿ 2019ರಲ್ಲಿ, ತುಳು-ತಿಗಳಾರಿ 2024ರಲ್ಲಿ ಯೂನಿಕೋಡಿಗೆ ಬಂದವು. ಕಲಿಯಬೇಕು ಅಂದರೆ ಅಸಾಧ್ಯವೇನಲ್ಲ. ಮಲಯಾಳ ಬಲ್ಲವರಿಗೆ ತಿಗಳಾರಿಯ ಎಷ್ಟೋ ಅಕ್ಷರ ನೋಡಿದ ತಕ್ಷಣ ಪರಿಚಯದವೇ ಅನಿಸುತ್ತವೆ, ನಾಗರಿ ಬಲ್ಲವರಿಗೆ ನಂದಿನಾಗರಿಯೂ ಅಷ್ಟೇ.

ಕಿಶನ್‌ಗಂಗೆಯ ದಿಬ್ಬದ ಮೇಲಿನ ಗುಡಿಗೆ ಹೋಗುವ ದಾರಿ ಎಂದಾದರೂ ತೆರೆದೀತು, ತೆರೆಯದೆಯೂ ಇದ್ದೀತು. ಅದು ದೆಹಲಿ, ಇಸ್ಲಾಮಾಬಾದುಗಳ ಕೈಯಲ್ಲಿದೆ. ಅಟ್ಟದ ಮೇಲಿನ ಕಟ್ಟು ಬಿಚ್ಚುವುದಕ್ಕೆ ಯಾವ ಸರಕಾರದ ಪರವಾನಗಿಯೂ ಬೇಡ. ಈ ಸಲ ಸರಸ್ವತಿ ಪೂಜೆಗೆ ಕುಂಕುಮ ಹಚ್ಚುವ ಮೊದಲು ಒಂದು ಗರಿಯ ಫೋಟೋ ತೆಗೆದು, ಓದಬಲ್ಲವರಿಗೆ ತೋರಿಸಿ. ಪಂಚಾಂಗದ ಲೆಕ್ಕವೋ, ಮನೆಮದ್ದೋ, ಯಾರೂ ಕಾಣದ ಕಾವ್ಯವೋ, ಏನಿದೆ ಅಂತ ಮೊದಲು ತಿಳಿಯಲಿ.